ಆಟಿಯ ಮಳೆಯಲ್ಲಿ ಮೊಟ್ಟೆಯಿಲ್ಲದ ಪೀನಟ್ ಬಟರ್ ಚೀಸ್‌ಕೇಕ್

ಮಗಳ ಹುಟ್ಟುಹಬ್ಬಕ್ಕೆ ಮಾಡಿದ ಚೀಸ್‌ಕೇಕಿನ ಕೊನೆಯ ತುಂಡು ನಿನ್ನೆ ಸಂಜೆ ಖಾಲಿಯಾಯಿತು. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಇದರ ರೆಸಿಪಿ ಬೇಕಾದಷ್ಟು ಸಿಗುತ್ತದೆ. ಆದರೆ ಹೆಚ್ಚಿನವು ತಂಪಾದ, ಒಣ ಹವೆಯ, ಕರೆಂಟ್ ಹೋಗದ ಊರಿನವರು ಬರೆದದ್ದು. ನಮ್ಮ ಕರಾವಳಿಯ ಮಳೆಗಾಲದಲ್ಲಿ, ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನಿನಲ್ಲಿ, ಮೊಟ್ಟೆ ಒಳಗೆ ಬಾರದ ಮನೆಯಲ್ಲಿ ಇದನ್ನು ಹೇಗೆ ಮಾಡುವುದು ಅಂತ ಹುಡುಕಿದರೆ ಸರಿಯಾದ ಉತ್ತರ ನನಗೆ ಸಿಗಲಿಲ್ಲ. ಉಡುಪಿ, ಮಣಿಪಾಲ, ಮಂಗಳೂರಿನ ಕಡೆ ಮಾಡಲು ಹೊರಟವರಿಗೆ ಇದರಿಂದ ಸ್ವಲ್ಪ ಸುಲಭವಾಗಲಿ.

ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಅಲ್ಲಿ ಯಾವುದೋ ಕೆಫೆಯಲ್ಲಿ ತಿಂದು ರುಚಿ ಹಿಡಿದಿತ್ತು. "ಅಮ್ಮ, ಈ ಸಲ ಬೇಕರಿ ಕೇಕ್ ಬೇಡ. ಪೀನಟ್ ಬಟರ್ ಚೀಸ್‌ಕೇಕ್ ಮಾಡು, ಮೇಲೆ ದಪ್ಪಗೆ ಚಾಕೊಲೇಟ್ ಇರ್ಬೇಕು" ಅಂತ ತಿಂಗಳ ಮೊದಲೇ ಫೋನಿನಲ್ಲಿ ಹೇಳಿಬಿಟ್ಟಳು. ಅವಳ ಹುಟ್ಟುಹಬ್ಬ ಬರುವುದು ತುಳುವಿನ ಆಟಿ ತಿಂಗಳಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬಟ್ಟೆ ಒಣಗದ, ಹಪ್ಪಳ ಮೆತ್ತಗಾಗುವ ಹೊತ್ತು. ಇನ್ನು ಅತ್ತೆ ಮೊಟ್ಟೆ ತಿನ್ನುವುದಿಲ್ಲ, ಅದು ನಮ್ಮ ಅಡುಗೆಮನೆಗೆ ಬರುವುದೂ ಇಲ್ಲ. ಅಜ್ಜಿಗೆ ಒಂದು ತುಂಡೂ ಕೊಡಲಾಗದ ಕೇಕ್ ಮಗಳಿಗೂ ಬೇಡವಾಗಿತ್ತು, ನನಗೂ ಬೇಡವಾಗಿತ್ತು.

ಹಾಗಾಗಿ ಮೊದಲು ತೀರ್ಮಾನ ಮಾಡಬೇಕಾದದ್ದು ಇದನ್ನು ಯಾವುದರಿಂದ ಗಟ್ಟಿ ಮಾಡುವುದು ಅಂತ. ಬೇಕ್ ಮಾಡದೆ ಫ್ರಿಜ್‌ನಲ್ಲಿಟ್ಟು ಮಾಡುವ ಚೀಸ್‌ಕೇಕಿಗೆ ತುಂಬ ಜನ ಜೆಲಟಿನ್ ಹಾಕುತ್ತಾರೆ. ಅದು ಪ್ರಾಣಿಯ ಮೂಳೆ, ಚರ್ಮದಿಂದ ಬರುವಂಥದ್ದು. ಸಸ್ಯಾಹಾರಿಗಳ ಮನೆಯಲ್ಲಿ ಇದನ್ನು ಗಮನಿಸಲೇಬೇಕು, ಮೊಟ್ಟೆ ಇಲ್ಲ ಅಂದ ಮಾತ್ರಕ್ಕೆ ಆಯಿತು ಅಂತಲ್ಲ. ಅದರ ಬದಲು ಕಡಲಪಾಚಿಯಿಂದ ಮಾಡುವ ಚೈನಾಗ್ರಾಸ್ ಹಾಕಬಹುದು, ಆದರೆ ಕತ್ತರಿಸುವಾಗ ಪುಡುಪುಡಿಯಾಗಿ ಒಡೆಯುತ್ತದೆ. ಬಾಯಲ್ಲಿ ಕರಗುವ ಗುಣ ಬರುವುದಿಲ್ಲ. ಬೇಕ್ ಮಾಡುವ ಚೀಸ್‌ಕೇಕಿನಲ್ಲಿ ಮೊಟ್ಟೆ ಮಾಡುವ ಕೆಲಸವನ್ನು ಕಾರ್ನ್‌ಫ್ಲೋರ್, ಕಂಡೆನ್ಸ್ಡ್ ಮಿಲ್ಕ್, ಗಟ್ಟಿ ಮೊಸರು ಸೇರಿ ಮಾಡಿಬಿಡುತ್ತವೆ. ನಾನು ಆ ದಾರಿಯನ್ನೇ ಹಿಡಿದೆ.

ಎಂಟು ಇಂಚಿನ ಟಿನ್‌ಗೆ ನನ್ನ ಲೆಕ್ಕ ಹೀಗಿತ್ತು. ಕ್ರೀಮ್ ಚೀಸ್ 450 ಗ್ರಾಂ, ನೀರು ಬಸಿದ ಮೊಸರು 200 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 280 ಗ್ರಾಂ, ಪೀನಟ್ ಬಟರ್ 180 ಗ್ರಾಂ, ಫ್ರೆಶ್ ಕ್ರೀಮ್ 100 ಮಿಲಿ, ಕಾರ್ನ್‌ಫ್ಲೋರ್ 25 ಗ್ರಾಂ, ಒಂದು ಸಣ್ಣ ಚಮಚ ವೆನಿಲ್ಲಾ, ಒಂದು ಚಿಟಿಕೆ ಉಪ್ಪು. ತಳಕ್ಕೆ ಚಾಕೊಲೇಟ್ ಬಿಸ್ಕತ್ತು 200 ಗ್ರಾಂ, ಬೆಣ್ಣೆ 80 ಗ್ರಾಂ. ಮೇಲೆ ಸುರಿಯುವ ಚಾಕೊಲೇಟ್-ಕ್ರೀಮ್ ಮಿಶ್ರಣ, ಅಂದರೆ ಗನಾಶ್‌ಗೆ ಡಾರ್ಕ್ ಚಾಕೊಲೇಟ್ 150 ಗ್ರಾಂ, ಕ್ರೀಮ್ 120 ಮಿಲಿ. ಬೇರೆ ಸಕ್ಕರೆ ಹಾಕುವುದು ಬೇಡ, ಕಂಡೆನ್ಸ್ಡ್ ಮಿಲ್ಕ್‌ನಲ್ಲೇ ಸಾಕಷ್ಟು ಉಂಟು.

ಈಗ ಕ್ರೀಮ್ ಚೀಸಿನ ಕಥೆ. ನನಗೆ ಇಡೀ ಕೆಲಸದಲ್ಲಿ ಸಿಟ್ಟು ಬಂದದ್ದು, ಬೇಸರ ಆದದ್ದು ಇದರಲ್ಲೇ.

ಉಡುಪಿ ಪೇಟೆಯಲ್ಲಿ ಕೇಳಿದಲ್ಲೆಲ್ಲ "ಉಂಟು ಅಕ್ಕ" ಅಂತ ಹೇಳಿ ಚೀಸ್ ಸ್ಪ್ರೆಡ್ ಡಬ್ಬಿ ತೆಗೆದು ಕೊಡುತ್ತಾರೆ. ಅದು ಬ್ರೆಡ್ಡಿಗೆ ಹಚ್ಚುವ ಚೀಸ್. ಅದರಲ್ಲಿ ಉಪ್ಪು ಜಾಸ್ತಿ, ಕೇಕಿಗೆ ಆಗುವುದಿಲ್ಲ. ಡಬ್ಬಿಯ ಮೇಲೆ ಕ್ರೀಮ್ ಚೀಸ್ ಅಂತಲೇ ಬರೆದಿರಬೇಕು, ಜೊತೆಗೆ ಹಸಿರು ಚುಕ್ಕೆ ಇರಬೇಕು. ಬೆಳ್ಳುಳ್ಳಿ, ಗಿಡಮೂಲಿಕೆ ಹಾಕಿದ ಬಗೆಯೂ ಬರುತ್ತದೆ. ಅವಸರದಲ್ಲಿ ಅದನ್ನು ಎತ್ತಿಕೊಂಡು ಬರಬೇಡಿ, ಪ್ಲೇನ್ ಬೇಕು.

ಮಣಿಪಾಲದಲ್ಲಿ ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳು ತುಂಬ ಇರುವುದರಿಂದ ಅಲ್ಲಿ ಇಂಥ ಸಾಮಾನು ಬೇಗ ಸಿಗುತ್ತದೆ. ಒಂದು ಅಂಗಡಿಯಲ್ಲಿ ಸಿಕ್ಕಿಯೂ ಬಿಟ್ಟಿತು. ಹುಡುಗ ಐಸ್‌ಕ್ರೀಮ್ ಇಡುವ ಪೆಟ್ಟಿಗೆಯಿಂದ ತೆಗೆದು ಕೊಟ್ಟ. ಗಟ್ಟಿಯಾಗಿತ್ತು. "ಫ್ರೀಜರ್‌ನಲ್ಲಿ ಇಟ್ಟಿದ್ದೀರಾ?" ಅಂತ ಕೇಳಿದೆ. "ಹಾಳಾಗ್ಬಾರ್ದು ಅಂತ ಮೇಡಂ, ಹೊರಗೆ ತೆಗೆದ್ರೆ ಸರಿಯಾಗ್ತದೆ" ಅಂದ. ಮನೆಗೆ ಬಂದು ಫ್ರಿಜ್‌ನ ಕೆಳಗಿನ ಅರೆಯಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಡಬ್ಬಿ ತೆರೆದರೆ ಮೇಲೆ ತೆಳು ನೀರು ನಿಂತಿದೆ. ಕೆಳಗಿನದನ್ನು ಎರಡು ಬೆರಳ ನಡುವೆ ಒತ್ತಿ ನೋಡಿದೆ. ನುಣ್ಣಗೆ ಜಾರುವ ಬದಲು ಸಣ್ಣ ರವೆಯ ಹಾಗೆ ಕೈಗೆ ತಾಗಿತು. ಕ್ರೀಮ್ ಚೀಸ್ ಹೆಪ್ಪುಗಟ್ಟಿದರೆ ಅದರೊಳಗಿನ ನೀರು ಬೇರೆಯಾಗುತ್ತದೆ, ಕರಗಿದ ಮೇಲೆ ಮತ್ತೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಎಷ್ಟು ಬೀಟ್ ಮಾಡಿದರೂ ಆ ತರಿ ಹೋಗುವುದಿಲ್ಲ. ಬಿಲ್ ಹಿಡಿದುಕೊಂಡು ಹೋಗಿ ಕೇಳಿದೆ. ತೆರೆದ ಡಬ್ಬಿ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು. ತೆರೆಯದೆ ಒಳಗೆ ಹೇಗಿದೆ ಅಂತ ತಿಳಿಯುವುದು ಹೇಗೆ, ಹೇಳಿ? ಆ ದಿನ ನನಗೆ ಅಳುವೇ ಬಂತು. ಸುಮಾರು ₹200 ಹೋದದ್ದಕ್ಕಿಂತ, ಇನ್ನು ಹುಟ್ಟುಹಬ್ಬಕ್ಕೆ ಹೊಂದಿಸುವುದು ಹೇಗೆ ಅನ್ನುವ ಚಿಂತೆ. ಆ ಡಬ್ಬಿಯನ್ನು ಹಸಿಮೆಣಸು, ಕೊತ್ತಂಬರಿ ಸೊಪ್ಪು ಹಾಕಿ ಬ್ರೆಡ್ಡಿಗೆ ಹಚ್ಚಿ ಮುಗಿಸಿದೆವು.

ಹಾಗಾಗಿ ಅಂಗಡಿಯಲ್ಲೇ ನೋಡಿಕೊಳ್ಳಿ. ಡಬ್ಬಿಯನ್ನು ಫ್ರಿಜ್‌ನಿಂದ ತೆಗೆದರೇ, ಫ್ರೀಜರ್‌ನಿಂದ ತೆಗೆದರೇ? ಬೆರಳಿನಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು. ಮೇಲೆ ಹಿಮದ ಪುಡಿ ಇದ್ದರೆ ತೆಗೆದುಕೊಳ್ಳಬೇಡಿ. ತಯಾರಾದ ತಾರೀಖು, ಮುಗಿಯುವ ತಾರೀಖು ಎರಡೂ ನೋಡಿ.

ಕೊನೆಗೆ ಕೈ ಹಿಡಿದದ್ದು ಮಂಗಳೂರಿನಲ್ಲಿರುವ ನಾದಿನಿ. "ಅತ್ತಿಗೆ, ನೀವು ಸುಮ್ನಿರಿ, ಹಂಪನಕಟ್ಟೆಯ ಹತ್ತಿರ ಕೇಕ್ ಸಾಮಾನು ಮಾರುವಲ್ಲಿ ನಾನು ಕೇಳ್ತೇನೆ" ಅಂದಳು. ಮಂಗಳೂರಿನಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುವವರು ತುಂಬ ಮಂದಿ. ಕ್ರಿಸ್ಮಸ್ ಹೊತ್ತಿಗಂತೂ ಕ್ರೈಸ್ತರ ಮನೆಮನೆಯಲ್ಲಿ ಕುಸ್ವಾರ್, ಅಂದರೆ ಹಬ್ಬದ ಸಿಹಿತಿಂಡಿಗಳು, ತಯಾರಾಗುತ್ತದೆ. ಅದಕ್ಕೇ ಅಲ್ಲಿ ಈ ಸಾಮಾನುಗಳು ಚೆನ್ನಾಗಿ ಖರ್ಚಾಗುತ್ತವೆ, ಹಳತಾಗಿ ಕೂರುವುದಿಲ್ಲ. ಒಂದು ಕಿಲೋದ ಪ್ಯಾಕ್ ಸಿಕ್ಕಿತು, ₹600ರ ಹತ್ತಿರ. ಹುಟ್ಟುಹಬ್ಬಕ್ಕೆ ಬರುವಾಗ ಅವಳೇ ತಂದಳು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸುರತ್ಕಲ್, ಮುಲ್ಕಿ, ಪಡುಬಿದ್ರಿ, ಕಾಪು ದಾಟಿ ಬರುವಾಗ ಹೆಚ್ಚುಕಡಿಮೆ ಒಂದೂವರೆ ಗಂಟೆ ಆಗುತ್ತದೆ. ಅದಕ್ಕೆ ಥರ್ಮಾಕೋಲ್ ಡಬ್ಬ, ಅದರೊಳಗೆ ಐಸ್ ಪ್ಯಾಕ್. ನಮ್ಮ ಕಡೆ ಥರ್ಮಾಕೋಲ್ ಡಬ್ಬ ಅಂದ ಕೂಡಲೇ ಮಲ್ಪೆಯ ಮೀನು ನೆನಪಾಗುತ್ತದೆ ಅಲ್ವಾ? ಹೊಸ ಡಬ್ಬ ಅಂತ ಅವಳು ಅಮ್ಮನಿಗೆ ಮೊದಲೇ ಫೋನ್ ಮಾಡಿ ಹೇಳಿಟ್ಟಿದ್ದಳು. ಐಸ್ ಪ್ಯಾಕ್ ನೇರ ಚೀಸಿಗೆ ತಾಗದಂತೆ ನಡುವೆ ಒಂದು ಬೈರಾಸು (ಟವೆಲ್) ಸುತ್ತಿದ್ದಳು. ನೀವೂ ಹಾಗೇ ಮಾಡಿ.

ಚಾಕೊಲೇಟ್ ವಿಷಯದಲ್ಲಿಯೂ ಲೇಬಲ್ ಓದಲೇಬೇಕು. ಡಾರ್ಕ್ ಚಾಕೊಲೇಟ್ ಅಂತ ಕೇಳಿದರೆ ಹೆಚ್ಚಾಗಿ ಕೊಡುವುದು ಡಾರ್ಕ್ ಕಾಂಪೌಂಡ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಬೆಲೆ ಕಡಿಮೆ, ಬಿಸಿಲಿಗೂ ಬೇಗ ಕರಗದು, ಅಚ್ಚು ಹಾಕಲು ಒಳ್ಳೆಯದು. ಆದರೆ ಚೀಸ್‌ಕೇಕಿನ ಮೇಲೆ ಅದನ್ನು ಸುರಿದರೆ ನಾಲಿಗೆಗೆ ಮೇಣ ಹಚ್ಚಿದಂತೆ ಅಂಟಿ ಕೂರುತ್ತದೆ. ಪಟ್ಟಿಯಲ್ಲಿ ಕೋಕೋ ಬಟರ್ ಅಂತ ಇದ್ದು, ಬೇರೆ ಎಣ್ಣೆಯ ಹೆಸರು ಇಲ್ಲದ್ದನ್ನು ತೆಗೆದುಕೊಳ್ಳಿ. ನನಗೆ 150 ಗ್ರಾಂಗೆ ₹250ರ ಹತ್ತಿರ ಬಿತ್ತು. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ ಅನ್ನುತ್ತೇನೆ.

ಬಿಸ್ಕತ್ತಿಗೆ ಬೆರೆಸಲು ಎರಡು ಚಮಚ ಕೋಕೋ ಪುಡಿಯೂ ಬೇಕಿತ್ತು. ಕೋಕೋ ನಮಗೇನು ದೂರದ್ದಲ್ಲ. ನನ್ನ ತವರಿನ ಅಡಿಕೆ ತೋಟದ ನಡುವೆಯೇ ಕೋಕೋ ಗಿಡಗಳಿವೆ. ಚಿಕ್ಕವಳಿದ್ದಾಗ ಹಣ್ಣು ಒಡೆದು ಬೀಜದ ಮೇಲಿನ ಬಿಳಿ ಲೋಳೆ ಚೀಪುತ್ತಿದ್ದೆವು. 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಅಡಿಕೆಯ ಜೊತೆ ಈ ಕೋಕೋವನ್ನೂ ಬೆಳೆಗಾರರಿಂದ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿತು. ಮಗಳಿಗೆ ಇದನ್ನು ಹೇಳಿದಾಗ ಅವಳಿಗೆ ಆಶ್ಚರ್ಯ. ಚಾಕೊಲೇಟ್ ಅಂದರೆ ಹೊರಗಿನದ್ದು ಅಂತಲೇ ತಿಳಿದಿದ್ದಳು.

ಪೀನಟ್ ಬಟರ್ ಮಾತ್ರ ನಾನು ಮನೆಯಲ್ಲೇ ಮಾಡಿದೆ. ಹತ್ತಿರದ ಅಂಗಡಿಯಲ್ಲಿ ಇದ್ದದ್ದು ತರಿತರಿಯಾದ ಬಗೆ, ಅದಕ್ಕೂ ಸಕ್ಕರೆ ಹಾಕಿದ್ದು. ನೆಲಗಡಲೆಯೇನು ನಮಗೆ ಹೊಸದಾ? ಕುಂದಾಪುರ, ಬೈಂದೂರು ಕಡೆಯ ಹೊಯ್ಗೆ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ಇದನ್ನೇ ಹಾಕುತ್ತಾರೆ. ಅರ್ಧ ಕಿಲೋ ಬೀಜ ತಂದೆ, ₹90. ಮಳೆಗಾಲದಲ್ಲಿ ತರುವಾಗ ಕೈಯಲ್ಲಿ ಹಿಡಿದು ಮೂಸಿ ನೋಡಿ. ಮುಗ್ಗುಲು ವಾಸನೆ ಇದ್ದರೆ ಬೇಡ. ಮನೆಗೆ ತಂದ ಮೇಲೂ ಕಪ್ಪಾದ, ಸುಕ್ಕಾದ, ಬೂಸ್ಟು ಹಿಡಿದ ಬೀಜಗಳನ್ನು ಒಂದೊಂದಾಗಿ ಆರಿಸಿ ಬಿಸಾಡಿ. ರುಚಿ ಕಹಿಯಾಗುವುದು ಒಂದು ಕಡೆ, ನೆಲಗಡಲೆಯ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಹವೆಯ ತೇವ ಹೀರಿದ ಬೀಜ ಹೊರಗೆ ಬೇಗ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಇಪ್ಪತ್ತು ನಿಮಿಷ ಕೈ ಬಿಡದೆ ತಿರುವಿದೆ. ಒಂದನ್ನು ಎರಡು ಮಾಡಿ ನೋಡಿದರೆ ನಡುವಿನವರೆಗೂ ತಿಳಿ ಕಂದು ಬಣ್ಣ ಇರಬೇಕು. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಹಾಕಿ ಉಜ್ಜಿದೆ. ಅತ್ತೆ ಗೆರಸೆ ತಂದು ಜಗಲಿಯಲ್ಲಿ ಕೂತು ಸಿಪ್ಪೆ ಕೇರಿದರು. ಅವರು ಗೆರಸೆ ಆಡಿಸುವ ಕೈ ನೋಡುವುದೇ ಚಂದ. ಸಿಪ್ಪೆ ಹೊರಗೆ ಹಾರುತ್ತದೆ, ಒಂದು ಬೀಜ ಹೊರಗೆ ಬೀಳುವುದಿಲ್ಲ.

ರುಬ್ಬುವಾಗ ಒಂದು ಹನಿ ನೀರೂ ತಾಗಬಾರದು. ಜಾರನ್ನು ಒರೆಸಿ ಗಾಳಿಗೆ ಇಟ್ಟರೂ ನಮ್ಮಲ್ಲಿ ಆಟಿಯಲ್ಲಿ ಒಣಗುವುದಿಲ್ಲ. ಬಿಸಿ ಬಾಣಲೆಯ ಹತ್ತಿರ ಇಟ್ಟು ಒಣಗಿಸಿಕೊಂಡೆ. ಮೊದಲು ಪುಡಿಯಾಗುತ್ತದೆ. ಆಮೇಲೆ ಪುಡಿ ಜಾರಿನ ಬದಿಗೆ ಮೆತ್ತಿಕೊಂಡು ಉಂಡೆ ಕಟ್ಟುತ್ತದೆ. ಇಲ್ಲಿ ತುಂಬ ಜನ ಹೆದರಿ ಎಣ್ಣೆ ಹಾಕುತ್ತಾರೆ. ಬೇಡ. ಬದಿಯಿಂದ ಕೆರೆದು ನಡುವೆ ತಂದು ಮತ್ತೆ ತಿರುಗಿಸಿ. ಸ್ವಲ್ಪ ಹೊತ್ತಿಗೆ ಉಂಡೆ ಹೊಳೆಯಲು ಶುರುವಾಗುತ್ತದೆ, ಕಡಲೆಯ ಎಣ್ಣೆಯೇ ಹೊರಗೆ ಬರುತ್ತದೆ, ಆಮೇಲೆ ಒಮ್ಮೆಲೇ ಸಡಿಲವಾಗಿ ಹರಿಯುತ್ತದೆ. ನಡುನಡುವೆ ಮಿಕ್ಸಿಗೆ ವಿರಾಮ ಕೊಡಲೇಬೇಕು. "ಮೋಟಾರು ಹೊತ್ತಿ ಹೋದೀತು ಮಾರಾಯ್ತಿ, ಸ್ವಲ್ಪ ಬಿಡು" ಅಂತ ಅತ್ತೆ ಹೇಳುತ್ತಲೇ ಇದ್ದರು. ಜಾರು ಮುಟ್ಟಿದರೆ ಬೆಚ್ಚಗಿತ್ತು, ಹೌದು. ಕಣ್ಣಿಗೆ ನುಣ್ಣಗೆ ಕಂಡ ಮೇಲೂ ಇನ್ನೆರಡು ಸುತ್ತು ತಿರುಗಿಸಿ. ನಾಲಿಗೆಗೆ ತರಿ ಸಿಕ್ಕಿದರೆ ಚೀಸ್‌ಕೇಕಿನಲ್ಲಿಯೂ ಅದೇ ತರಿ ಸಿಗುತ್ತದೆ. ಅಂಗಡಿಯದ್ದನ್ನೇ ಹಾಕುವುದಾದರೆ ನುಣುಪಾದದ್ದು ತೆಗೆದುಕೊಳ್ಳಿ, ಮೇಲೆ ಎಣ್ಣೆ ನಿಂತಿದ್ದರೆ ಚೆನ್ನಾಗಿ ಕಲಸಿ ಆಮೇಲೆ ಅಳೆಯಿರಿ. ಇಲ್ಲದಿದ್ದರೆ ಅಳತೆಯಲ್ಲಿ ಎಣ್ಣೆಯೇ ಜಾಸ್ತಿ ಬಂದುಬಿಡುತ್ತದೆ.

ಮೊಸರಿನ ಬಗ್ಗೆ ಒಂದೇ ಮಾತು. ನಂದಿನಿ ಮೊಸರು ಅರ್ಧ ಕಿಲೋ ತಂದು, ಬಟ್ಟೆ ಹಾಸಿದ ಜರಡಿಯಲ್ಲಿ ಸುರಿದು, ಕೆಳಗೆ ಪಾತ್ರೆ ಇಟ್ಟು, ಫ್ರಿಜ್‌ನ ಒಳಗೇ ರಾತ್ರಿಯಿಡೀ ಇಟ್ಟೆ. ನಲ್ಲಿಗೆ ಕಟ್ಟಿ ಹೊರಗೆ ತೂಗಹಾಕಿದರೆ ನಮ್ಮ ಹವೆಗೆ ಬೆಳಗಾಗುವಾಗ ಹುಳಿ ಬಂದಿರುತ್ತದೆ. ಕೆಳಗೆ ಇಳಿದ ನೀರನ್ನು ಚಪಾತಿ ಹಿಟ್ಟಿಗೆ ಹಾಕಿದೆ.

ಬಿಸ್ಕತ್ತು ಪೊಟ್ಟಣ ತೆರೆದು ಕಾಲು ಗಂಟೆ ಬಿಟ್ಟರೆ ಸಾಕು, ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಹಾಗಾಗಿ ಎಲ್ಲ ತಯಾರಾದ ಮೇಲೆಯೇ ತೆರೆದೆ. ಪುಡಿ ಮಾಡಿ, ಕೋಕೋ ಪುಡಿ, ಕರಗಿಸಿದ ಬೆಣ್ಣೆ ಬೆರೆಸಿ, ಟಿನ್ನಿನ ತಳಕ್ಕೆ ಲೋಟದ ಹಿಂಬದಿಯಿಂದ ಒತ್ತಿದೆ. ಅದನ್ನು 170 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಕ್ ಮಾಡಿ ಆರಲು ಬಿಡಿ. ರೆಸಿಪಿಗಳಲ್ಲಿ ಇದನ್ನು ಬೇಕಿದ್ದರೆ ಮಾಡಿ ಅಂತ ಬರೆದಿರುತ್ತಾರೆ. ನಮ್ಮ ಕಡೆ ಮಾಡಲೇಬೇಕು. ಟಿನ್ ಬದಿ ಬಿಚ್ಚಿ ಬರುವ ಸ್ಪ್ರಿಂಗ್‌ಫಾರ್ಮ್ ಆಗಬೇಕು, ₹450ರ ಆಸುಪಾಸಿಗೆ ಸಿಗುತ್ತದೆ. ತಲೆಕೆಳಗು ಮಾಡಿ ತೆಗೆಯುವ ಕೇಕ್ ಅಲ್ಲ ಇದು.

ಕಲಸುವ ಕೆಲಸ ಬೇಗ ಆಗುತ್ತದೆ. ಕ್ರೀಮ್ ಚೀಸನ್ನು ಅರ್ಧ ಗಂಟೆ ಮೊದಲು ಹೊರಗಿಡಿ. ನಮ್ಮ ಹವೆಗೆ ಅಷ್ಟು ಸಾಕು, ರೆಸಿಪಿಯಲ್ಲಿ ಬರೆದ ಎರಡು ಗಂಟೆ ಬೇಡ. ಮೊದಲು ಚೀಸನ್ನು ಮಾತ್ರ ಗಂಟಿಲ್ಲದಂತೆ ಬೀಟ್ ಮಾಡಿ, ಆಮೇಲೆ ಪೀನಟ್ ಬಟರ್, ಮೊಸರು, ಕಂಡೆನ್ಸ್ಡ್ ಮಿಲ್ಕ್. ಕಾರ್ನ್‌ಫ್ಲೋರನ್ನು ಕ್ರೀಮಿನಲ್ಲಿ ಕರಗಿಸಿ ಕೊನೆಗೆ ಹಾಕಿ. ಬೀಟರ್ ನಿಧಾನ ಇರಲಿ. ಜೋರಾಗಿ ತಿರುಗಿಸಿದರೆ ಗಾಳಿ ಸೇರುತ್ತದೆ. ಆ ಗಾಳಿ ಓವನ್‌ನಲ್ಲಿ ಉಬ್ಬಿ, ಆಮೇಲೆ ಇಳಿದು, ಮೇಲೆ ಬಿರುಕು ಬರುತ್ತದೆ. ಚಮಚ ಎತ್ತಿದರೆ ಅಗಲ ಪಟ್ಟಿಯಾಗಿ ನಿಧಾನಕ್ಕೆ ಬೀಳಬೇಕು. ಟಿನ್ನಿಗೆ ಸುರಿದು, ನೆಲಕ್ಕೆ ನಾಲ್ಕು ಸಲ ಮೆಲ್ಲಗೆ ತಟ್ಟಿದರೆ ಗುಳ್ಳೆಗಳು ಮೇಲೆ ಬರುತ್ತವೆ, ಕಡ್ಡಿಯಿಂದ ಒಡೆಯಿರಿ.

ಚೀಸ್‌ಕೇಕ್ ಟಿನ್ನನ್ನು ಬಿಸಿನೀರಿನಲ್ಲಿಟ್ಟು ಬೇಕ್ ಮಾಡುವುದಕ್ಕೆ ಕಾರಣ ಉಂಟು. ನೀರು 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಬದಿಗಳು ಸೀಯದೆ, ನಡುವಿನ ಜೊತೆಗೇ ಮೆಲ್ಲಗೆ ಬೇಯುತ್ತವೆ. ಆದರೆ ಸ್ಪ್ರಿಂಗ್‌ಫಾರ್ಮ್ ಟಿನ್ನಿನ ತಳದ ಸಂದಿಯಲ್ಲಿ ನೀರು ನುಗ್ಗುತ್ತದೆ. ಫಾಯಿಲ್ ಸುತ್ತಿ ಅನ್ನುತ್ತಾರೆ, ನಮ್ಮಲ್ಲಿ ಸಿಗುವ ತೆಳು ಫಾಯಿಲ್ ಎರಡು ಪದರ ಸುತ್ತಿದರೂ ಎಲ್ಲೋ ಹರಿಯುತ್ತದೆ. ನಾನು ಎಂಟು ಇಂಚಿನ ಟಿನ್ನನ್ನು ಒಂಬತ್ತು ಇಂಚಿನ ಮಾಮೂಲಿ ಕೇಕ್ ಟಿನ್ನಿನ ಒಳಗೆ ಇಟ್ಟು, ಆ ಎರಡನ್ನೂ ನೀರಿನ ಟ್ರೇಯಲ್ಲಿ ಇಟ್ಟೆ. ಒಳಗಿನ ಟಿನ್ನಿಗೆ ನೀರು ತಾಗುವುದೇ ಇಲ್ಲ. ಮೂರೂ ಸೇರಿ ನಿಮ್ಮ ಓಟಿಜಿಯ, ಅಂದರೆ ಕರೆಂಟಿನ ಸಣ್ಣ ಓವನ್ನಿನ, ಒಳಗೆ ಹಿಡಿಸುತ್ತದಾ ಅಂತ ಹಿಂದಿನ ದಿನವೇ ಖಾಲಿ ಇಟ್ಟು ನೋಡಿಕೊಳ್ಳಿ. ಓವನ್ ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ ಅಂತಲೂ ಹೇಳುತ್ತೇನೆ, ₹400 ಕೊಟ್ಟೆ. ನನ್ನ ಓಟಿಜಿಯ ಗುಂಡಿ 160ರಲ್ಲಿ ಇಟ್ಟಾಗ ಒಳಗೆ 180 ತೋರಿಸುತ್ತಿತ್ತು. ಗುಂಡಿಯನ್ನು ಕೆಳಗಿಳಿಸಿ 160ಕ್ಕೆ ತಂದುಕೊಂಡೆ.

ಮಧ್ಯಾಹ್ನ ಎರಡೂವರೆಗೆ ಒಳಗಿಟ್ಟೆ. ಎಪ್ಪತ್ತು ನಿಮಿಷದ ಅಂದಾಜು. ಅರ್ಧ ಗಂಟೆ ದಾಟಿತ್ತು. ಗಾಳಿ ಜೋರಾಯಿತು, ಹಿತ್ತಲಿನ ತೆಂಗು ಬಾಗಿ ಏಳುತ್ತಿತ್ತು. ದೂರದಲ್ಲಿ ಏನೋ ಮುರಿದ ಶಬ್ದ. ಕರೆಂಟ್ ಹೋಯಿತು.

ಓಟಿಜಿ 1600 ವ್ಯಾಟ್. ನಮ್ಮ ಮನೆಯ ಇನ್ವರ್ಟರ್ ಫ್ಯಾನು, ಲೈಟು ಎಳೆಯುತ್ತದೆ ಅಷ್ಟೇ. ಗಾಜಿನ ಬಾಗಿಲಿನ ಮುಂದೆ ನಿಂತುಬಿಟ್ಟೆ. ಕೈಕಾಲು ತಣ್ಣಗಾಗಿತ್ತು. ಅಷ್ಟು ಹುಡುಕಿ ತಂದ ಚೀಸ್, ಅಷ್ಟು ಹೊತ್ತು ರುಬ್ಬಿದ ಕಡಲೆ, ಮಗಳು ರಾತ್ರಿ ಬಸ್ಸಿಗೆ ಹತ್ತುವವಳು. ಬಾಗಿಲು ತೆರೆದು ನೋಡಬೇಕು ಅಂತ ಕೈ ಹೋಗುತ್ತದೆ. ತೆರೆಯಬೇಡಿ. ಒಮ್ಮೆ ತೆರೆದರೆ ಇರುವ ಬಿಸಿಯೂ ಹೋಗುತ್ತದೆ. ಕರೆಂಟ್ ಬರುವಾಗ ವೋಲ್ಟೇಜ್ ಏರಿಳಿತ ಇರಬಹುದು ಅಂತ ಸ್ವಿಚ್ ಆರಿಸಿದೆ. ಬಿಸಿ ಉಳಿಯಲಿ ಅಂತ ಓಟಿಜಿಯ ಮೇಲೆ ಬಟ್ಟೆ ಹೊದಿಸಬೇಡಿ, ಕರೆಂಟ್ ಬಂದರೆ ಬೆಂಕಿ ಹಿಡಿಯುವ ಅಪಾಯ.

ಆಗ ಅತ್ತೆ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಹೆದರ್ಬೇಡ. ಬಾರದಿದ್ರೆ ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಯಲ್ಲಿ ಇಡುವ. ಹಬೆಯಲ್ಲಿ ಬೇಯದ್ದು ಎಂತ ಉಂಟು?" ಅಂದರು. ಹೇಳಿ ಸುಮ್ಮನಿರಲಿಲ್ಲ, ಅಟ್ಟದಿಂದ ಪಾತ್ರೆ ಇಳಿಸಲು ನಮ್ಮವರಿಗೆ ಹೇಳಿ, ನೀರೂ ಕಾಯಲು ಇಟ್ಟರು. ಅವರು ಹೇಳಿದ್ದು ಸರಿ. ಮೊಟ್ಟೆಯಿಲ್ಲದ ಚೀಸ್‌ಕೇಕನ್ನು ಹಬೆಯಲ್ಲೂ ಬೇಯಿಸಬಹುದು. ಟಿನ್ನಿನ ಬಾಯಿಗೆ ಫಾಯಿಲ್ ಬಿಗಿದು ಕಟ್ಟಬೇಕು, ಮುಚ್ಚಳದ ನೀರು ಒಳಗೆ ತೊಟ್ಟಿಕ್ಕಬಾರದು, ಉರಿ ಸಣ್ಣ ಇರಬೇಕು. ಕರೆಂಟ್ ನಂಬಲಾಗದ ಊರಿನಲ್ಲಿದ್ದರೆ ಆ ಪಾತ್ರೆಯನ್ನು ಮೊದಲೇ ಇಳಿಸಿ ಇಟ್ಟುಕೊಳ್ಳಿ.

ಮುಕ್ಕಾಲು ಗಂಟೆಯ ಮೇಲೆ ಕರೆಂಟ್ ಬಂತು. ಟ್ರೇಯ ನೀರು ಇನ್ನೂ ಬಿಸಿ ಇದ್ದುದರಿಂದ ಒಳಗೆ ತೀರಾ ತಣಿದಿರಲಿಲ್ಲ. ಮತ್ತೆ 160ಕ್ಕೆ ಏರಿದ ಮೇಲೆ ಐವತ್ತು ನಿಮಿಷ ಇಟ್ಟೆ. ಕಾರ್ನ್‌ಫ್ಲೋರ್ ಬೆಂದು ಹಿಡಿದುಕೊಳ್ಳಬೇಕಾದರೆ ನಡುವಿನವರೆಗೂ ಬಿಸಿ ತಲುಪಬೇಕು, ಹಾಗಾಗಿ ಗಡಿಯಾರ ನೋಡದೆ ಕೇಕನ್ನೇ ನೋಡಿದೆ. ಟ್ರೇಯನ್ನು ಮೆಲ್ಲಗೆ ಅಲುಗಿಸಿದಾಗ ಬದಿ ಅಲ್ಲಾಡದೆ, ನಡುವೆ ಅಂಗೈಯಷ್ಟು ಜಾಗ ಮಾತ್ರ ನಡುಗಬೇಕು. ನೀರಿನಂತೆ ಅಲೆ ಎದ್ದರೆ ಇನ್ನೂ ಆಗಿಲ್ಲ. ಪೂರ್ತಿ ಗಟ್ಟಿಯಾಗುವವರೆಗೆ ಕಾದರೆ ಆರಿದ ಮೇಲೆ ಒಣಕಲು.

ಆಮೇಲೆ ಓವನ್ ಆರಿಸಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಒಂದು ಗಂಟೆ ಹಾಗೇ ಬಿಟ್ಟೆ. ಒಮ್ಮೆಲೇ ಹೊರಗೆ ತೆಗೆದರೆ ಮೇಲ್ಭಾಗ ಬೇಗ ಕುಗ್ಗಿ ಬಿರಿಯುತ್ತದೆ. ಹೊರಗೆ ತೆಗೆದ ಮೇಲೆ ಬದಿಗೆ ತೆಳು ಚಾಕು ಆಡಿಸಿ ಟಿನ್ನಿನಿಂದ ಬಿಡಿಸಿದೆ. ಪೂರ್ತಿ ಆರಿದ ಮೇಲೆ ಮುಚ್ಚಿ ರಾತ್ರಿ ಫ್ರಿಜ್‌ಗೆ. ಬೆಚ್ಚಗಿರುವಾಗ ಫ್ರಿಜ್‌ಗೆ ಇಟ್ಟರೆ ಮುಚ್ಚಳದಲ್ಲಿ ನೀರು ಕಟ್ಟಿ ಕೇಕಿನ ಮೇಲೆ ಬೀಳುತ್ತದೆ. ಕಡಿಮೆ ಅಂದರೆ ಎಂಟು ಗಂಟೆ ತಣಿಯಬೇಕು. ಈ ಕಾಯುವಿಕೆಯನ್ನು ಕಡಿಮೆ ಮಾಡಲು ಯಾವ ಉಪಾಯವೂ ಇಲ್ಲ, ಹುಡುಕಬೇಡಿ. ಹುಟ್ಟುಹಬ್ಬದ ಹಿಂದಿನ ದಿನವೇ ಬೇಕ್ ಮಾಡಿ ಮುಗಿಸಿರಬೇಕು.

ಬೆಳಿಗ್ಗೆ ಮಗಳು ಬಸ್ ಇಳಿದು ಬಂದವಳು ಚಪ್ಪಲಿ ಬಿಚ್ಚಿದ್ದೇ ಫ್ರಿಜ್ ತೆರೆದು ನೋಡಿದಳು. ಒಂದು ಬಿರುಕೂ ಇರಲಿಲ್ಲ. "ಅಮ್ಮಾ!" ಅಂದಳು, ಮತ್ತೇನೂ ಹೇಳಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಗನಾಶ್ ಅವಳೇ ಮಾಡಿದಳು. ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಬರುವಷ್ಟು ಮಾತ್ರ ಬಿಸಿ ಮಾಡಿ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಮೆಲ್ಲಗೆ ಕಲಸಬೇಕು. ನಮ್ಮಲ್ಲಿ ಸಿಗುವ ಪೊಟ್ಟಣದ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು 25 ಶೇಕಡಾ. ಕುದಿಸಿದರೆ ಒಡೆಯುವ ಸಾಧ್ಯತೆ ಉಂಟು. ಅದಕ್ಕೇ ಚಾಕೊಲೇಟಿಗಿಂತ ಕ್ರೀಮ್ ಸ್ವಲ್ಪ ಕಡಿಮೆ ಹಾಕಿದ್ದು, ಸಮಸಮ ಹಾಕಿದರೆ ನಮ್ಮ ಹವೆಯಲ್ಲಿ ಜಾರಿ ಹೋಗುತ್ತದೆ. ಉಗುರುಬೆಚ್ಚಗಾದ ಮೇಲೆ ತಣ್ಣನೆಯ ಕೇಕಿನ ಮೇಲೆ ಸುರಿದು, ಹುರಿದ ನೆಲಗಡಲೆಯನ್ನು ಒಡೆದು ಅಂಚಿಗೆ ಉದುರಿಸಿ, ಮತ್ತೆ ಒಂದು ಗಂಟೆ ಫ್ರಿಜ್‌ಗೆ.

ಇಲ್ಲಿ ಇನ್ನೊಂದು ವಿಷಯ. ಫ್ರಿಜ್‌ನಿಂದ ತೆಗೆದ ಐದೇ ನಿಮಿಷಕ್ಕೆ ಗನಾಶ್ ಮೇಲೆ ನೀರ ಹನಿ ಕಟ್ಟುತ್ತದೆ. ಮಳೆಗಾಲದ ಗಾಳಿಯ ತೇವ ಅದು. ಹನಿ ಒರೆಸಲು ಹೋದರೆ ಹೊಳಪು ಹಾಳು. ಫೋಟೋ ತೆಗೆಯುವುದಿದ್ದರೆ ಎಲ್ಲರೂ ಸೇರಿ ನಿಂತ ಮೇಲೆ ಕೇಕ್ ಹೊರಗೆ ತನ್ನಿ. ಕತ್ತರಿಸಲು ಉದ್ದ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದು ಸಲ ಕೊಯ್ದು, ಮತ್ತೆ ಅದ್ದಿ ಒರೆಸಿ.

ಮೊದಲ ತುಂಡು ಮಗಳು ಅಜ್ಜಿಗೆ ಕೊಟ್ಟಳು. ಅತ್ತೆ ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಸಿಹಿ ಹದಾ ಉಂಟು. ಉಪ್ಪು ಹಾಕಿದ್ದು ಗೊತ್ತಾಗ್ತದೆ, ಅದೇ ಚಂದ. ನೆಲಗಡಲೆ ಇಷ್ಟು ನುಣ್ಣಗೆ ಆಗ್ತದಾ?" ಅಂದರು. ಆಮೇಲೆ ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡರು. ಇದು ತುಂಬ ಭಾರದ ಸಿಹಿ. ಎಂಟು ಇಂಚಿನ ಕೇಕಿನಲ್ಲಿ ಹದಿನಾಲ್ಕು ಜನಕ್ಕೆ ಧಾರಾಳ ಆಗುತ್ತದೆ. ತುಂಡು ಸಣ್ಣದಿರಲಿ.

ಖರ್ಚಿನ ಲೆಕ್ಕ: ಬಳಸಿದ ಸಾಮಾನಿಗೆ ಮಾತ್ರ ₹1,000ದ ಆಸುಪಾಸು. ಟಿನ್ನು, ಥರ್ಮಾಮೀಟರ್ ಬೇರೆ, ಅವು ಮುಂದಕ್ಕೂ ಆಗುತ್ತವೆ. ಹಾಳಾದ ಚೀಸಿನ ಡಬ್ಬಿ ಬೇರೆ.

ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಹೊರಗೆ ಒಂದು ಗಂಟೆಗಿಂತ ಜಾಸ್ತಿ ಬಿಡಬೇಡಿ. ಪಕ್ಕದ ಮನೆಗೆ ಕೊಡುವಾಗ ಇದರಲ್ಲಿ ನೆಲಗಡಲೆ ಇದೆ ಅಂತ ಬಾಯಿಬಿಟ್ಟು ಹೇಳಿ. ಕೆಲವು ಮಕ್ಕಳಿಗೆ ಅದು ಆಗುವುದಿಲ್ಲ, ಅಲರ್ಜಿ ಜೋರಾದರೆ ಜೀವಕ್ಕೇ ಅಪಾಯ. ಕ್ರೀಮ್ ಚೀಸ್ ಪ್ಯಾಕ್ ಒಮ್ಮೆ ತೆರೆದ ಮೇಲೆ ವಾರದೊಳಗೆ ಮುಗಿಸಬೇಕು, ಉಳಿಯಿತು ಅಂತ ಫ್ರೀಜರ್‌ಗೆ ಹಾಕಬೇಡಿ. ನಮ್ಮಲ್ಲಿ ಉಳಿದ ಅರ್ಧ ಕಿಲೋವನ್ನು ನಾದಿನಿ ಅದೇ ಥರ್ಮಾಕೋಲ್ ಡಬ್ಬದಲ್ಲಿ ಮಂಗಳೂರಿಗೆ ಒಯ್ದಳು. ಈ ಭಾನುವಾರ ಅವಳ ಮನೆಯಲ್ಲಿ ಮಾಡುತ್ತಾಳಂತೆ, ನೆಲಗಡಲೆ ಹುರಿದು ಕೊಡಲು ಅತ್ತೆಯೂ ಹೋಗುತ್ತಿದ್ದಾರೆ.